ಗೊತ್ತಿರಲಿಲ್ಲ ಅನ್ನುವ ಮಾತು ಸರಿಯಲ್ಲ

ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ಟುಟ್ಸಿ ಸಮುದಾಯದವರ ನರಮೇಧ ಆಗಲಿದೆ ಎಂದು ವಿಶ್ವಸಂಸ್ಥೆಗೆ ಮೊದಲೇ ಗೊತ್ತಿರಲಿಲ್ಲ, ಅದಕ್ಕೇ ತಡೆಯಲಾಗಲಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥ ರೋಮಿಯೋ ಡಲ್ಲೇರ್ 1994ರ ಜನವರಿ 11ರಂದೇ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಸಂದೇಶ ಕಳಿಸಿದ್ದರು. ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು ಆಯುಧ ಬಚ್ಚಿಟ್ಟಿದ್ದಾರೆ, ಟುಟ್ಸಿಗಳ ಪಟ್ಟಿ ಮಾಡುತ್ತಿದ್ದಾರೆ, ಬಹುಶಃ ಕೊಲ್ಲುವುದಕ್ಕೇ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಆ ಆಯುಧಗಳನ್ನು ಹಿಡಿಯುತ್ತೇನೆ ಎಂದು ಡಲ್ಲೇರ್ ಅಂದರೆ ಆ ಕಚೇರಿಯವರು ಬೇಡ ಎಂದರು. ಇನ್ನೇನು ಬೇಕಿತ್ತು ಹೇಳಿ?

ಏಪ್ರಿಲ್‌ನಲ್ಲಿ ಕೊಲೆ ಶುರುವಾಯಿತು. ಶಾಂತಿಪಡೆಯಲ್ಲಿದ್ದ ಬೆಲ್ಜಿಯಂನ 10 ಸೈನಿಕರು ಸತ್ತರು, ಆ ದೇಶ ತನ್ನ ಪಡೆಯನ್ನು ವಾಪಸ್ ಕರೆಸಿಕೊಂಡಿತು. ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಬೆಲ್ಜಿಯಂ ಸೈನಿಕರನ್ನೇ ನಂಬಿ ಸುಮಾರು 2,000 ಜನ ಕೂತಿದ್ದರು. ಏಪ್ರಿಲ್ 11ರಂದು ಸೈನಿಕರ ಗಾಡಿಗಳು ಹೊರಟವು. ಆ ಜನರಲ್ಲಿ ಹೆಚ್ಚಿನವರನ್ನು ಅವತ್ತೇ ಕೊಂದರು. ಓದಿದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಇಷ್ಟೆಲ್ಲ ಆದಮೇಲೆ ಏಪ್ರಿಲ್ 21ರಂದು ಭದ್ರತಾ ಮಂಡಳಿ ಮಾಡಿದ್ದು ಏನು? ಶಾಂತಿಪಡೆಯನ್ನು 270 ಜನರಿಗೆ ಇಳಿಸುವ ತೀರ್ಮಾನ! ಆದರೂ ಡಲ್ಲೇರ್ ಮತ್ತು ಘಾನಾದ ಸೈನಿಕರು ಅಲ್ಲೇ ಉಳಿದರು. ಅಮಹೋರೋ ಸ್ಟೇಡಿಯಂನಲ್ಲಿ ಸಾವಿರಾರು ಜನರನ್ನು ಕಾಪಾಡಿದರು. ಕೊರತೆ ಇದ್ದದ್ದು ಮಾಹಿತಿಗೆ ಅಲ್ಲ, ಮನಸ್ಸಿಗೆ. ದಯವಿಟ್ಟು ಲೇಖನದ ಆ ಸಾಲನ್ನು ತಿದ್ದಿ.