ಏಳು ಉಂಗುರ ತೋರಿಸಿ ವಾದ ಮುಗಿಸಬೇಡಿ

ಟಾಮ್ ಬ್ರೇಡಿ, ಪೇಟನ್ ಮ್ಯಾನಿಂಗ್ ಇಬ್ಬರೂ ಆಟ ಬಿಟ್ಟು ವರ್ಷಗಳಾದವು. ಅಮೆರಿಕನ್ ಫುಟ್‌ಬಾಲ್ ನೋಡುವ ನಮ್ಮ ಗೆಳೆಯರ ಗುಂಪಿನಲ್ಲಿ ಇವರಲ್ಲಿ ಯಾರು ಮೇಲು ಎಂಬ ಜಗಳ ಮಾತ್ರ ಇನ್ನೂ ಬಿಟ್ಟಿಲ್ಲ. ಅದು ಮುಗಿಯುವುದೂ ಪ್ರತಿ ಸಲ ಒಂದೇ ರೀತಿ. "ಬ್ರೇಡಿಗೆ ಏಳು ಸೂಪರ್ ಬೌಲ್, ಮ್ಯಾನಿಂಗ್‌ಗೆ ಎರಡು. ಇನ್ನೇನಿದೆ ಮಾತಾಡೋಕೆ?" ಅನ್ನುತ್ತಾರೆ ಯಾರೋ ಒಬ್ಬರು. ಅಲ್ಲಿಗೆ ಎಲ್ಲರೂ ತೆಪ್ಪಗಾಗುತ್ತಾರೆ. ಸೂಪರ್ ಬೌಲ್ ಅಂದರೆ ಅಲ್ಲಿನ ಲೀಗ್‌ನ ಫೈನಲ್; ಗೆದ್ದ ತಂಡದ ಆಟಗಾರರಿಗೆ ಉಂಗುರ ಕೊಡುತ್ತಾರೆ.

ತಮಾಷೆ ಎಂದರೆ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆರ್‌ಸಿಬಿ ಅಭಿಮಾನಿಗಳು. 2016ರಲ್ಲಿ ಕೊಹ್ಲಿ 973 ರನ್ ಹೊಡೆದ, ಫೈನಲ್‌ನಲ್ಲಿ ತಂಡ 8 ರನ್‌ನಿಂದ ಸೋತಿತು. "ಪಾಪ, ಒಬ್ಬನೇ ಎಷ್ಟು ಅಂತ ಆಡ್ತಾನೆ?" ಎಂದು ಅವತ್ತು ಗೋಳಾಡಿದವರು ಇವರೇ ಅಲ್ವಾ? ಆ ನ್ಯಾಯ ಮ್ಯಾನಿಂಗ್‌ಗೆ ಯಾಕಿಲ್ಲ?

ಈ ಆಟದಲ್ಲಂತೂ ಕ್ವಾರ್ಟರ್‌ಬ್ಯಾಕ್, ಅಂದರೆ ಇವರಿಬ್ಬರಂತೆ ಚೆಂಡು ಎಸೆದು ದಾಳಿ ನಡೆಸುವವನು, ಅರ್ಧ ಹೊತ್ತು ಮೈದಾನದಲ್ಲೇ ಇರುವುದಿಲ್ಲ. ಎದುರಾಳಿ ಕೈಗೆ ಚೆಂಡು ಹೋದರೆ ತನ್ನ ತಂಡದ ಬೇರೆಯೇ ಹನ್ನೊಂದು ಜನ (ಡಿಫೆನ್ಸ್) ಒಳಗೆ ಹೋಗುತ್ತಾರೆ, ಇವನು ಬೆಂಚಿಗೆ. ಚೆಂಡು ಒದೆಯುವವನೂ ಬೇರೆ. ಹೀಗಿರುವಾಗ ಗೆಲುವನ್ನು ಒಬ್ಬನ ಹೆಸರಿಗೆ ಬರೆಯುವುದು ಯಾವ ಲೆಕ್ಕ?

ಮ್ಯಾನಿಂಗ್ ಕಥೆಯನ್ನೇ ನೋಡಿ. 2013ರ ಸೀಸನ್‌ನಲ್ಲಿ ಡೆನ್ವರ್ ಪರ 55 ಟಚ್‌ಡೌನ್ ಪಾಸ್ (ಎದುರಾಳಿಯ ಗೋಲ್ ಗೆರೆ ದಾಟಿಸಿ ಪಾಯಿಂಟ್ ತರುವ ಎಸೆತ), ಎಸೆತಗಳಿಂದ ತಂಡ ಮುಂದೆ ಸಾಗಿದ್ದು 5,477 ಯಾರ್ಡ್. ಎರಡೂ ಆಗ ಹೊಸ ದಾಖಲೆ. ಐದನೇ ಸಲ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ. ಸೂಪರ್ ಬೌಲ್‌ನಲ್ಲಿ ಏನಾಯಿತು? ಪಂದ್ಯದ ಮೊದಲ ನಡೆಯಲ್ಲೇ ಅವನ ಕೈಗೆ ಬರಬೇಕಾದ ಚೆಂಡು ಪಕ್ಕದಲ್ಲಿ ಹಾರಿ ಹಿಂದಕ್ಕೆ ಹೋಯಿತು, ಸಿಯಾಟಲ್‌ಗೆ ಬಿಟ್ಟಿ ಎರಡು ಪಾಯಿಂಟ್. ಕೊನೆಗೆ 43-8ರ ಸೋಲು. ಎರಡು ವರ್ಷ ಬಿಟ್ಟು 2015ರಲ್ಲಿ ಅದೇ ಮ್ಯಾನಿಂಗ್ ಬರೀ 9 ಟಚ್‌ಡೌನ್ ಎಸೆದ, 17 ಇಂಟರ್‌ಸೆಪ್ಷನ್ ಕೊಟ್ಟ, ಅಂದರೆ ಎಸೆದ ಚೆಂಡು ಅಷ್ಟು ಸಲ ಎದುರಾಳಿಯ ಕೈ ಸೇರಿತು. ಮಧ್ಯದಲ್ಲಿ ತಂಡದಿಂದ ಹೊರಗೂ ಕೂತ. ಆ ವರ್ಷವೇ ಕಪ್ ಬಂತು. ಫೈನಲ್‌ನಲ್ಲಿ ಅವನು ಎಸೆದಿದ್ದು 141 ಯಾರ್ಡ್, ಟಚ್‌ಡೌನ್ ಪಾಸ್ ಒಂದೂ ಇಲ್ಲ. ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತು ಆ ಭಯಂಕರ ಡಿಫೆನ್ಸ್. ಉಂಗುರದ ಲೆಕ್ಕದಲ್ಲಿ ಅವನ ಅತಿ ಕೆಟ್ಟ ವರ್ಷ ಒಂದು, ಅತಿ ಒಳ್ಳೆಯ ವರ್ಷ ಸೊನ್ನೆ!

ಬ್ರೇಡಿಯದ್ದೂ ಬೇರೆ ಅಲ್ಲ. 2018ರ ಫೆಬ್ರವರಿಯ ಫೈನಲ್‌ನಲ್ಲಿ ಬಾಸ್ಟನ್ ಕಡೆಯ ಪೇಟ್ರಿಯಟ್ಸ್ ಪರ ಆಡಿ ಫಿಲಡೆಲ್ಫಿಯಾ ವಿರುದ್ಧ 505 ಯಾರ್ಡ್, ಮೂರು ಟಚ್‌ಡೌನ್ ಪಾಸ್, ಇಂಟರ್‌ಸೆಪ್ಷನ್ ಒಂದೂ ಇಲ್ಲ. ಕೊನೆಯಲ್ಲಿ ಒಮ್ಮೆ ಕೈಯಿಂದ ಚೆಂಡು ಕಳೆದುಕೊಂಡ, ನಿಜ. ಆದರೆ 33 ಪಾಯಿಂಟ್ ಹೊಡೆದರೂ ತಂಡ ಸೋಲುತ್ತದೆ ಎಂದರೆ 41 ಬಿಟ್ಟುಕೊಟ್ಟವರನ್ನೂ ಕೇಳಬೇಕಲ್ಲ? ಅದಕ್ಕೂ ಮೂರು ವರ್ಷದ ಹಿಂದೆ ಗೋಲ್ ಗೆರೆಯ ಹತ್ತಿರ ಚೆಂಡು ಕಸಿದು ಬ್ರೇಡಿಗೆ ನಾಲ್ಕನೇ ಉಂಗುರ ತಂದುಕೊಟ್ಟ ಮಾಲ್ಕಮ್ ಬಟ್ಲರ್‌ನನ್ನು ಕೋಚ್ ಬಿಲ್ ಬೆಲಿಚಿಕ್ ಅವತ್ತು ಡಿಫೆನ್ಸ್‌ಗೆ ಇಳಿಸಲೇ ಇಲ್ಲ. ಯಾಕೆ ಅಂತ ಬಾಸ್ಟನ್ ಕಡೆಯ ಜನ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಮರುವರ್ಷದ ಫೈನಲ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಬ್ರೇಡಿ ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ. ತಂಡ 13-3ರಿಂದ ಗೆದ್ದಿತು. ಆರನೇ ಉಂಗುರ.

ಇಬ್ಬರೂ ಗಾಯಗೊಂಡು ಹೊರಗಿದ್ದ ವರ್ಷಗಳೂ ಇವೆ. 2007ರಲ್ಲಿ ಲೀಗ್ ಹಂತದ 16 ಪಂದ್ಯಗಳನ್ನೂ ಗೆದ್ದಿದ್ದ ಪೇಟ್ರಿಯಟ್ಸ್, 2008ರ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟಿನಿಂದ ಬ್ರೇಡಿಯನ್ನು ಕಳೆದುಕೊಂಡಿತು. ಬದಲಿಗೆ ಬಂದ ಮ್ಯಾಟ್ ಕ್ಯಾಸೆಲ್ ಹೈಸ್ಕೂಲ್ ಬಿಟ್ಟ ಮೇಲೆ ಪಂದ್ಯ ಶುರು ಮಾಡಿದವನೇ ಅಲ್ಲ. ಆದರೂ 11 ಗೆಲುವು, 5 ಸೋಲು. ಕುತ್ತಿಗೆ ಆಪರೇಷನ್‌ನಿಂದ ಮ್ಯಾನಿಂಗ್ 2011 ಪೂರ್ತಿ ಆಡಲಿಲ್ಲ. ಹಿಂದಿನ ವರ್ಷ 10 ಪಂದ್ಯ ಗೆದ್ದಿದ್ದ ಅವನ ಆಗಿನ ತಂಡ ಕೋಲ್ಟ್ಸ್ ಆ ವರ್ಷ ಗೆದ್ದಿದ್ದು ಎರಡೇ ಎರಡು! ಯಾರ ಬೆನ್ನ ಹಿಂದೆ ಎಂಥ ತಂಡ ಇತ್ತು ಅಂತ ಇದಕ್ಕಿಂತ ಜಾಸ್ತಿ ಹೇಳಬೇಕಾ?

ಹಾಗಂತ ಮ್ಯಾನಿಂಗ್‌ನನ್ನು ಪೂರ್ತಿ ಬಚಾವ್ ಮಾಡಲು ಹೊರಟಿಲ್ಲ. ಅವನ ತಂಡ ಪ್ಲೇಆಫ್‌ನಲ್ಲಿ ಒಂಬತ್ತು ಸಲ ಮೊದಲ ಪಂದ್ಯಕ್ಕೇ ಮನೆಗೆ ಬಂದಿದೆ. 2004ರ ಜನವರಿಯಲ್ಲಿ ಪೇಟ್ರಿಯಟ್ಸ್ ವಿರುದ್ಧ ಕೊಟ್ಟ ನಾಲ್ಕು ಇಂಟರ್‌ಸೆಪ್ಷನ್‌ಗೆ ಅವನೇ ಹೊಣೆ, ತಂಡವಲ್ಲ. ಅವತ್ತು ಅವನು ಕೆಟ್ಟದಾಗಿ ಆಡಿದ, ಅಷ್ಟೇ. ಆದರೆ ಪ್ಲೇಆಫ್‌ನಲ್ಲಿ ಇವರಿಬ್ಬರು ಎದುರಾದ ಐದು ಪಂದ್ಯಗಳಲ್ಲಿ ಮೂರನ್ನು ಗೆದ್ದಿದ್ದು ಮ್ಯಾನಿಂಗ್ ತಂಡ. ಉಂಗುರ ಎಣಿಸುವವರು ಇದನ್ನು ಯಾಕೋ ಎಣಿಸುವುದಿಲ್ಲ.

ನನ್ನ ಲೆಕ್ಕ ಕೇಳಿದರೆ, 2014ರವರೆಗೆ ಮ್ಯಾನಿಂಗ್ ಮೇಲು. ಗೆರೆ ಹತ್ತಿರ ನಿಂತು ಎದುರಾಳಿಯ ಡಿಫೆನ್ಸ್ ಓದಿ, ಅಲ್ಲೇ ಆಟ ಬದಲಿಸುವುದರಲ್ಲಿ ಅವನ ಸಮಕ್ಕೆ ಇನ್ನೊಬ್ಬನನ್ನು ನಾನು ನೋಡಿಲ್ಲ. ಇಡೀ ವೃತ್ತಿಜೀವನ ತೂಗಿದರೆ ಬ್ರೇಡಿ. ಏಳು ಉಂಗುರಕ್ಕಾಗಿ ಅಲ್ಲ. 39ಕ್ಕೆ ಮ್ಯಾನಿಂಗ್ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ಬ್ರೇಡಿ 40ಕ್ಕೆ ಎಂವಿಪಿ ಆದ. 2021ರಲ್ಲಿ, 44ನೇ ವಯಸ್ಸಿನಲ್ಲಿ, ಹೊಸ ತಂಡ ಟ್ಯಾಂಪಾ ಪರ 5,316 ಯಾರ್ಡ್, 43 ಟಚ್‌ಡೌನ್ ಪಾಸ್. ಎರಡರಲ್ಲೂ ಇಡೀ ಲೀಗ್‌ಗೇ ಮೊದಲಿಗ.

ಆ ಸೀಸನ್‌ನ ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ವಿರುದ್ಧ ತಂಡ 27-3ರಿಂದ ಹಿಂದೆ ಬಿದ್ದಿತ್ತು. ಅಲ್ಲಿಂದ 27-27ಕ್ಕೆ ತಂದರು. ಉಳಿದಿದ್ದ ಮುಕ್ಕಾಲು ನಿಮಿಷದಷ್ಟು ಹೊತ್ತನ್ನು ಟ್ಯಾಂಪಾ ಡಿಫೆನ್ಸ್‌ಗೆ ಕಾಯಲಾಗಲಿಲ್ಲ, ಕೊನೆಯ ಒದೆತದಲ್ಲಿ ರ‍್ಯಾಮ್ಸ್ ಗೆದ್ದಿತು. ಉಂಗುರ ಬರಲಿಲ್ಲ. ಬ್ರೇಡಿ ಪರ ವಾದ ಮಾಡುವವರು ಆ ಸೀಸನ್ ಹಿಡಿದುಕೊಂಡು ಬನ್ನಿ, ಒಪ್ಪುತ್ತೇನೆ.