ಪೂರಾ ಆರಾಮ ಆಗೋತನಕ ಕಾಯಬ್ಯಾಡ್ರಿ

ಸ್ಕಿಝೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ಹೊರಳುವ ಕಾಯಿಲೆ) ಇರುವ ಹುಡುಗನ ಕೆಲಸದ ಮಾತು ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ಕೇಳುವ ಉತ್ತರ ಒಂದೇ: "ಅಂವಾ ಮೊದಲ ಪೂರಾ ಆರಾಮ ಆಗ್ಲಿರಿ, ಆಮ್ಯಾಲೆ ನೋಡೋಣು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ "ಆಮ್ಯಾಲೆ" ವರ್ಷಗಟ್ಟಲೆ ಬರುವುದೇ ಇಲ್ಲ. ಮನೆಯಲ್ಲೇ ಕೂತವನ ನಿದ್ದೆಯ ಹೊತ್ತು ಏರುಪೇರಾಗುತ್ತದೆ, ಗೆಳೆಯರು ದೂರಾಗುತ್ತಾರೆ, ಕೈಯಲ್ಲಿ ಸ್ವಂತದ ಒಂದು ರೂಪಾಯಿ ಇರುವುದಿಲ್ಲ. ಆರಾಮ ಆಗಲು ಬೇಕಾದದ್ದನ್ನೇ ಕಿತ್ತುಕೊಂಡು ಆರಾಮ ಆಗು ಅಂದರೆ ಹೇಗೆ?

1990ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮನೋವೈದ್ಯ ರಾಬರ್ಟ್ ಡ್ರೇಕ್ ಮತ್ತು ಸಂಶೋಧಕಿ ಡೆಬೊರಾ ಬೆಕರ್ ಮೊದಲು ಆರಾಮ, ಆಮೇಲೆ ಕೆಲಸ ಎಂಬ ಈ ಕ್ರಮವನ್ನು ತಿರುಗಿಸಿದರು. ಮೊದಲು ಪಗಾರ ಸಿಗುವ ನಿಜವಾದ ಕೆಲಸ, ಕಲಿಯುವುದು ಅಲ್ಲೇ, ಜೊತೆಗೆ ಕೆಲಸ ಹುಡುಕಿಕೊಡುವ ಒಬ್ಬ ಸಹಾಯಕ. 2007ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 6 ಊರುಗಳ 312 ಮಂದಿ ಇದ್ದರು. 18 ತಿಂಗಳಲ್ಲಿ ಒಂದು ದಿನವಾದರೂ ಹೊರಗಿನ ಕೆಲಸ ಮಾಡಿದವರು ಈ ಪದ್ಧತಿಯಲ್ಲಿ ಶೇ. 55, ಮೊದಲು ತರಬೇತಿ ಕೊಡುವ ಪದ್ಧತಿಯಲ್ಲಿ ಶೇ. 28. ಕೆಲಸದ ಒತ್ತಡದಿಂದ ಕಾಯಿಲೆ ಮರುಕಳಿಸುತ್ತದೆ ಎಂಬ ಭಯವಿತ್ತಲ್ಲ, ಅದೂ ನಿಜವಾಗಲಿಲ್ಲ. ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲೇ ಕಡಿಮೆ.

ಈ ಪದ್ಧತಿಯಲ್ಲಿ ಸಹಾಯಕನ ಕೆಲಸಕ್ಕೆ ಅಳತೆಯಿದೆ. ಒಬ್ಬರಿಗೆ 20ಕ್ಕಿಂತ ಹೆಚ್ಚು ಮಂದಿಯನ್ನು ಒಪ್ಪಿಸುವಂತಿಲ್ಲ. ಹೆಸರು ಹಚ್ಚಿದ 30 ದಿನದೊಳಗೆ ಒಬ್ಬ ಮಾಲೀಕರನ್ನಾದರೂ ಮುಖತಃ ಕಾಣಬೇಕು. ವಾರಕ್ಕೆ ಕನಿಷ್ಠ 6 ಮಾಲೀಕರ ಭೇಟಿ. ಕುರ್ಚಿಯಲ್ಲಿ ಕೂತು ಫೈಲು ತುಂಬುವವರಿಂದ ಇದು ಆಗುವುದಿಲ್ಲ. ಮೇಣದಬತ್ತಿ, ಕಾಗದದ ಚೀಲ ಮಾಡಿಸುವ ಕೇಂದ್ರಗಳು ಹೊತ್ತು ಕಳೆಯಲು ಒಳ್ಳೆಯವೇ, ಆದರೆ ಅದನ್ನು ಉದ್ಯೋಗ ಅನ್ನಬಾರದು.

ನಮ್ಮಲ್ಲಿ ಕೆಲಸಗಳಿಗೆ ಬರವಿಲ್ಲ. ಯಾವ ಕೆಲಸ ಯಾವ ಔಷಧದ ಜೊತೆ ಹೊಂದುತ್ತದೆ ಎಂದು ನೋಡುವವರಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯನ್ನೇ ತೆಗೆದುಕೊಳ್ಳಿ. ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವನನ್ನು ಭಟ್ಟಿಯ ಮುಂದೆ ನಿಲ್ಲಿಸಿದರೆ ಬೆವರಿನಲ್ಲಿ ನೀರು, ಉಪ್ಪು ಹೋಗಿ ರಕ್ತದಲ್ಲಿ ಲಿಥಿಯಂ ಏರುತ್ತದೆ. ಸೊಂಟ ನೋವೆಂದು ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೆ ಇನ್ನೂ ಏರುತ್ತದೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ನಡೆ ತಡವರಿಸುವುದು ಕಂಡರೆ ಮುಂದಿನ ಗುಳಿಗೆಗೆ ಮುಂಚೆಯೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು. ಸ್ಕಿಝೋಫ್ರೇನಿಯಾದ ಔಷಧಗಳಿಂದ ಬರುವ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ತಡೆಯುತ್ತದೆ, ಬಿಸಿಯಲ್ಲಿ ಅದೂ ಅಪಾಯ. ಅದೇ ಕಾರ್ಖಾನೆಯಲ್ಲಿ ತಪಾಸಣೆ, ಪ್ಯಾಕಿಂಗ್, ಸ್ಟೋರಿನ ಕೆಲಸ ಇರುತ್ತದೆ, ಅದನ್ನು ಕೇಳಿ. ಬೈಪೋಲಾರ್ ಇದ್ದವರಿಗೆ ರಾತ್ರಿ ಪಾಳಿ ಬೇಡವೇ ಬೇಡ. ನಿದ್ದೆಗೆಟ್ಟರೆ ಕಾಯಿಲೆ ಕೆದರುತ್ತದೆ.

ಇಳಕಲ್ಲು, ಗುಳೇದಗುಡ್ಡದ ಮಗ್ಗದ ಕೆಲಸದಲ್ಲಿ ತನ್ನ ವೇಗಕ್ಕೆ ತಾನು ದುಡಿಯಬಹುದು. ಮೊದಲ ದಿನವೇ ಇಡೀ ಸೀರೆ ಒಪ್ಪಿಸದೆ ಕಂಡಿಕೆಗೆ ನೂಲು ಸುತ್ತುವುದರಿಂದ ಶುರುಮಾಡಿಸಿ. ಸ್ಕಿಝೋಫ್ರೇನಿಯಾಕ್ಕೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ತೆಗೆದುಕೊಳ್ಳುವವರ ಬೆರಳು ಬಿಗಿದು ಕಡಿದ ಎಳೆ ಕೂಡಿಸಲು ಆಗದೇ ಹೋಗಬಹುದು. ಮನೆಯವರು "ಕೈಯಾನ ಕಸಬು ಹೋತು" ಎನ್ನುತ್ತಾರೆ. ಕಸಬು ಎಲ್ಲೂ ಹೋಗಿಲ್ಲ, ಅದು ಔಷಧದ ಅಡ್ಡಪರಿಣಾಮ. ಗುಳಿಗೆ ಬಿಡಿಸಬೇಡಿ, ವೈದ್ಯರಿಗೆ ಕಸಬಿನ ಹೆಸರು ಹೇಳಿ ಡೋಸ್ ಬದಲಿಸಬಹುದೇ ಕೇಳಿ. ವಿಜಯಪುರ ಕಡೆ ಒಣದ್ರಾಕ್ಷಿ ವಿಂಗಡಿಸುವುದು ನೆರಳಿನಲ್ಲಿ ಕೂತು ಮಾಡುವ ಕೆಲಸ, ಆದರೆ ಸುಗ್ಗಿ ಮುಗಿದರೆ ಅದೂ ಮುಗಿಯಿತು. ಮುಂದಿನ ಕೆಲಸವನ್ನು ಒಂದು ತಿಂಗಳು ಮೊದಲೇ ಹುಡುಕಬೇಕು.

ಕೆಲಸ ತಪ್ಪುವುದು ಬಹಳ ಸಲ ಕೆಲಸ ಬಾರದ್ದರಿಂದ ಅಲ್ಲ. ರಾತ್ರಿಯ ಗುಳಿಗೆಯ ಮಂಪರು ಬೆಳಗ್ಗೆ ಇಳಿದಿರುವುದಿಲ್ಲ, ಏಳೂವರೆಯ ಬಸ್ಸು ತಪ್ಪುತ್ತದೆ, ಮೂರು ದಿನ ತಡವಾದರೆ ಮುಕಾದಮ ಬೈಯುತ್ತಾನೆ, ನಾಲ್ಕನೇ ದಿನ ಹುಡುಗ ಹೋಗುವುದಿಲ್ಲ. ಗುಳಿಗೆಯನ್ನು ರಾತ್ರಿ ಹತ್ತರ ಬದಲು ಎಂಟಕ್ಕೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿದ್ದರೆ ಎಷ್ಟೋ ಕೆಲಸ ಉಳಿಯುತ್ತಿದ್ದವು. ಇನ್ನೊಂದು, ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಯವರಿಗಾಗಿ ನಡೆಯುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರ. ರಜೆ ಸಿಗಲಿಲ್ಲವೆಂದು ಔಷಧ ತಪ್ಪುತ್ತದೆ. ಕ್ಲಿನಿಕ್ಕಿಗೆ ಹೋಗುವ ಮಂಗಳವಾರದ ಅರ್ಧ ದಿನವನ್ನು ಕೆಲಸಕ್ಕೆ ಸೇರುವಾಗಲೇ ಮಾತಾಡಿಕೊಳ್ಳಬೇಕು. ಮೊದಲ ಪಗಾರ ಬಂದಾಗ "ಇನ್ನ ಗುಳಿಗಿ ಯಾಕ?" ಅನ್ನುವ ಹಿರಿಯರನ್ನೂ ಮೊದಲೇ ಕೂರಿಸಿ ಮಾತಾಡಬೇಕು. ಆ ಪಗಾರವನ್ನು ಪೂರಾ ಕಸಿದುಕೊಳ್ಳಬೇಡಿ.

ಮಾಲೀಕರಿಗೆ ಏನು ಹೇಳಬೇಕು? ಅದನ್ನು ನಿರ್ಧರಿಸುವವನು ಕೆಲಸಕ್ಕೆ ಹೋಗುವವನು. ಅಪ್ಪನಲ್ಲ, ಸಹಾಯಕನೂ ಅಲ್ಲ. ಕಾಯಿಲೆಯ ಹೆಸರು ಹೇಳದೆಯೂ ಮಾತಾಡಬಹುದು: "ಸಾಹೇಬ್ರ, ಇವರಿಗೆ ಔಷಧದಿಂದ ಮುಂಜಾನೆ ಮಂಪರ ಇರತದ, ಹತ್ತಕ್ಕ ಬಂದು ಏಳರತನಕ ಇರ್ತಾರ. ಹೇಳೋದನ್ನ ಒಂದೊಂದಾ ಹೇಳ್ರಿ, ಚೀಟಿ ಮ್ಯಾಲೆ ಬರದ ಕೊಡ್ರಿ." ಇಷ್ಟು ಸಾಕು.

ಕಾನೂನಿನಲ್ಲಿ ಬಳಸದೇ ಬಿಟ್ಟ ಹಕ್ಕುಗಳು ಬಹಳ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯ ಅಳೆಯುವ ಐಡಿಯಾಸ್ ಮಾಪನದಲ್ಲಿ ಶೇ. 40 ಅಥವಾ ಹೆಚ್ಚು ಬಂದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನೊಂದಿಗೆ ಸರ್ಕಾರಿ ಹುದ್ದೆಯ ಮೀಸಲಾತಿಗೆ ಅರ್ಹತೆ ಬರುತ್ತದೆ. ಸೇವೆಯಲ್ಲಿದ್ದಾಗ ಕಾಯಿಲೆಯಿಂದ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ದಯವಿಟ್ಟು ಯಾರ ಒತ್ತಾಯಕ್ಕೂ ರಾಜೀನಾಮೆ ಬರೆದುಕೊಡಬೇಡಿ. ಕಾರ್ಖಾನೆಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರು ಕೇಳಿ: ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಝೋಫ್ರೇನಿಯಾ ಇದೆ, ಅರ್ಹತೆ ಇದ್ದರೆ ಪಗಾರದ ಶೇ. 80 ಸಿಗುತ್ತದೆ, ಗರಿಷ್ಠ ಎರಡು ವರ್ಷ.

ಸರ್ಕಾರಕ್ಕೆ ನನ್ನ ಬೇಡಿಕೆ ಒಂದೇ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರು, ಸಮಾಜ ಕಾರ್ಯಕರ್ತರು ಇದ್ದಂತೆ ಉದ್ಯೋಗ ಸಹಾಯಕರೂ ಇರಲಿ. ಅವರು ಅದೇ ತಂಡದಲ್ಲಿ ಕೂತು ಔಷಧದ ಮಾತು, ಕೆಲಸದ ಮಾತು ಒಟ್ಟಿಗೆ ಆಡಲಿ, ತಿರುಗಾಡಲು ಪ್ರಯಾಣ ಭತ್ಯೆ ಕೊಡಲಿ, ಗುತ್ತಿಗೆ ಆರಾರು ತಿಂಗಳಿಗೆ ಮುಗಿಯದಿರಲಿ. ಅಲ್ಲಿಯವರೆಗೆ ಮನೆಯವರು ಮುಂದಿನ ಮಂಗಳವಾರ ಕ್ಲಿನಿಕ್ಕಿನಲ್ಲಿ "ಔಷಧ ಕೊಡ್ರಿ" ಅನ್ನುವುದರ ಜೊತೆಗೆ "ಇವರು ಕೆಲಸಕ್ಕ ಹೋಗಬೇಕಂತಾರ, ಯಾವ ಕೆಲಸ ಆಗತದ?" ಎಂದೂ ಕೇಳಿ. ಕ್ಲಿನಿಕ್ ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.