ಪರ-ವಿರೋಧ: ರಾಜೀವನಿಗಿಂತ ರಾಮಾಚಾರಿ ದೊಡ್ಡವನೇ?

1972ರ ಮಾರ್ಚ್‌ನಲ್ಲಿ ‘ಬಂಗಾರದ ಮನುಷ್ಯ’ ಬಂತು, ಡಿಸೆಂಬರ್‌ನಲ್ಲಿ ‘ನಾಗರಹಾವು’. ಮೊದಲನೆಯದರ ನಾಯಕ ರಾಜೀವ, ಎರಡನೆಯದರ ನಾಯಕ ರಾಮಾಚಾರಿ. ಒಂದೇ ವರ್ಷದ ಈ ಇಬ್ಬರು ನಾಯಕರ ಬಗ್ಗೆ ಇಬ್ಬರು ಅಭಿಮಾನಿಗಳ ಮಾತು.

ಪರ: ಮೇಷ್ಟ್ರ ಮಾತು ಮೀರದ ಹುಡುಗ

ರಾಮಾಚಾರಿ ಎಂದ ಕೂಡಲೇ ಎಲ್ಲರೂ ಅವನ ಸಿಟ್ಟನ್ನೇ ನೆನೆಯುತ್ತಾರೆ. ಹಾವಿನ ದ್ವೇಷ, ರಾತ್ರಿಯ ಕಲ್ಲು ತೂರಾಟ, ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದ ಸಾಹಸ. ಐವತ್ತು ವರ್ಷ ಕಳೆದರೂ ಇದೇ ಪಾಠ ಒಪ್ಪಿಸುತ್ತಿದ್ದೇವೆ. ನನ್ನನ್ನು ಕೇಳಿದರೆ, ಆ ಹುಡುಗನನ್ನು ಹಾಳು ಮಾಡಿದ್ದು ಅವನ ವಿಧೇಯತೆ.

ಹೆತ್ತ ತಂದೆಗೇ ಬೇಡವಾದವನು, ಚಿತ್ರದುರ್ಗದವರೆಲ್ಲ ಪುಂಡನೆಂದು ದೂರವಿಟ್ಟವನು. ಅವನನ್ನು ಮಗನಂತೆ ಕಂಡವರು ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಾ. ಆ ಋಣಕ್ಕೆ ರಾಮಾಚಾರಿ ತನ್ನನ್ನೇ ಒತ್ತೆಯಿಟ್ಟ. ಅಲಮೇಲುವನ್ನು ಮರೆತುಬಿಡು ಎಂದು ಮೇಷ್ಟ್ರು ಹೇಳಿದರು, ಎದೆಯ ಮೇಲೆ ಕಲ್ಲಿಟ್ಟುಕೊಂಡು ಒಪ್ಪಿದ. ಮುಂದೆ ಅವಳು ಮೈ ಮಾರಿಕೊಂಡು ಬದುಕುವ ಸ್ಥಿತಿಯಲ್ಲಿ ಎದುರಾದಾಗ, ತಾನು ಪಾಲಿಸಿದ ಮಾತಿಗೆ ಬೆಲೆ ತೆತ್ತವರು ಯಾರೆಂಬುದು ಅವನಿಗೆ ತಿಳಿಯುತ್ತದೆ. ತಾನು ದೇವರೆಂದು ನಂಬಿದವರೂ ತಪ್ಪಬಹುದು ಎಂದು ಅರಿವಾಗುವ ಆ ಘಳಿಗೆಗಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತೇನೆ.

ರಾಜೀವನಿಗೆ ಇಂಥ ಸಂಕಟವಿಲ್ಲ. ಭಾವ ತೀರಿಕೊಂಡಾಗ ಒಳ್ಳೆಯವನು, ಬರಡು ನೆಲ ಅಗೆಯುವಾಗ ಒಳ್ಳೆಯವನು, ಅಕ್ಕನ ಮಗ ಅವಮಾನಿಸಿದಾಗಲೂ ಒಳ್ಳೆಯವನೇ. ದೇವರ ಪಟಕ್ಕೆ ಕೈ ಮುಗಿಯಬಹುದು, ಅದರೊಂದಿಗೆ ಜಗಳವಾಡಲು ಬರುವುದಿಲ್ಲ. ರಾಮಾಚಾರಿಯೊಂದಿಗೆ ನಾನು ಇಂದಿಗೂ ಜಗಳವಾಡುತ್ತೇನೆ.

ಮೂರು ಕಾದಂಬರಿಗಳಲ್ಲಿ ಅವನನ್ನು ಸೃಷ್ಟಿಸಿದ ತರಾಸು ಅವರಿಗೇ ಚಿತ್ರ ಒಪ್ಪಿಗೆಯಾಗಿರಲಿಲ್ಲ. ತಮ್ಮ ನಾಗರಹಾವನ್ನು ನಿರ್ದೇಶಕ ಪುಟ್ಟಣ್ಣ ಕೇರೆಹಾವು ಮಾಡಿದರೆಂಬ ಅವರ ಬೇಸರ ಪ್ರಸಿದ್ಧವೇ ಇದೆ. ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ: ವಿಷ್ಣುವರ್ಧನ್ ಕಣ್ಣುಗಳಲ್ಲಿ ನಾನು ಕಂಡ ಹುಡುಗ ಕೇರೆಹಾವಾಗಿರಲಿಲ್ಲ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನು ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು. ಒಮ್ಮೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಿರುಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ. ಚೀಟಿಯನ್ನು ಇಡೀ ತರಗತಿಗೆ ಓದಿ ಹೇಳಿದೆ. ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನೂ ಬಿಡಲಿಲ್ಲ. ಮಕ್ಕಳು ನಕ್ಕರು. ಸಂಜೆ ಹೊರಗೆ ಬಂದರೆ ನನ್ನ ಸ್ಕೂಟರಿನ ಎರಡೂ ಚಕ್ರಗಳಲ್ಲಿ ಗಾಳಿ ಇರಲಿಲ್ಲ. ವಾಲ್ವಿನ ಪುಟ್ಟ ಕಪ್ಪು ಮುಚ್ಚಳಗಳೆರಡನ್ನೂ ಕಳೆದುಹೋಗದಂತೆ ಸೀಟಿನ ನಡುವೆ ಜೋಡಿಸಿಟ್ಟಿದ್ದ. ನಾನು ಯಾರಿಗೂ ದೂರು ಕೊಡದೆ ಗಾಡಿ ತಳ್ಳಿಕೊಂಡು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಹಗುರಾಯಿತು. ತಿರುಗಿ ನೋಡಿದರೆ ಅವನೇ ಹಿಂದಿನಿಂದ ತಳ್ಳುತ್ತಿದ್ದ. ಪಂಕ್ಚರ್ ಅಂಗಡಿಯವರೆಗೂ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವನು ನನ್ನ ನೆರಳಿನಂತಾದ. ಎಸ್ಸೆಸ್ಸೆಲ್ಸಿ ಮುಗಿದಾಗ ಐಟಿಐ ಸೇರಿ ಮೋಟಾರು ರಿಪೇರಿ ಕಲಿಯುತ್ತೇನೆ ಎಂದ. ಅಂಕಗಳು ಚೆನ್ನಾಗಿದ್ದವು, ಪಿಯುಸಿಗೆ ವಿಜ್ಞಾನ ತೆಗೆದುಕೋ ಎಂದೆ. ‘ನೀವು ಹೇಳಿದ ಮೇಲೆ ಮುಗಿಯಿತು ಟೀಚರ್’ ಎಂದು ಹೋದ. ಎರಡು ಸಲ ನಪಾಸಾಗಿ ಓದು ಬಿಟ್ಟನೆಂದು ಬೇರೆಯವರಿಂದ ತಿಳಿಯಿತು. ನನ್ನ ಬಳಿ ಮತ್ತೆ ಬರಲೇ ಇಲ್ಲ.

2018ರಲ್ಲಿ ‘ನಾಗರಹಾವು’ ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮತ್ತೆ ತೆರೆಗೆ ಬಂದಾಗ ಹೋಗಿದ್ದೆ. ಸುತ್ತಲೂ ಶಿಳ್ಳೆ, ಚಪ್ಪಾಳೆ. ನಾನು ಮಾತ್ರ ಚಾಮಯ್ಯ ಮೇಷ್ಟ್ರಾಗಿದ್ದ ಅಶ್ವತ್ಥ್ ಅವರ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಪ್ರೀತಿ ತುಂಬಿದ ಮುಖದಿಂದ ಅಂಥ ಮಾತು ಬಂದರೆ ಯಾವ ಹುಡುಗ ತಾನೇ ಇಲ್ಲವೆನ್ನುತ್ತಾನೆ?

ಕೊನೆಗೆ ಬೆಟ್ಟದ ಮೇಲೆ ಆ ಮೇಷ್ಟ್ರನ್ನೇ ತಳ್ಳಿದನಲ್ಲ, ಅವನನ್ನು ಪ್ರೀತಿಸಿದ ಮಾರ್ಗರೆಟ್ ಕೂಡ ಅವನೊಂದಿಗೆ ಪ್ರಾಣ ಬಿಟ್ಟಳಲ್ಲ ಎಂದು ಕೇಳುವವರಿದ್ದಾರೆ. ಅವರು ಚಿತ್ರವನ್ನು ಮೊದಲಿನಿಂದ ಇನ್ನೊಮ್ಮೆ ನೋಡಲಿ.

ವಿರೋಧ: ನೆಲಕ್ಕೆ ಇಳಿಸಿದವನು

ನನ್ನ ಪಾಲಿಗೆ ಬಂದಿರುವುದು ರಾಜೀವನ ಪಕ್ಷ. ರಾಮಾಚಾರಿಯನ್ನು ನಾನೂ ಮೆಚ್ಚಿಕೊಂಡೇ ನೋಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ರಾಜೀವನ ಪರವಾಗಿ ಒಂದು ಗಟ್ಟಿ ಮಾತಿದೆ. ರಾಮಾಚಾರಿಯನ್ನು ನೋಡಿದವರು ಅವನಂತೆ ಕೂದಲು ಬಾಚಿಕೊಂಡರು, ಕಾಲೇಜಿನಲ್ಲಿ ಎದೆಯುಬ್ಬಿಸಿ ಓಡಾಡಿದರು. ರಾಜೀವನನ್ನು ನೋಡಿದವರು ಊರಿಗೆ ಹೋಗಿ ನೇಗಿಲು ಹಿಡಿದರು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಚಿತ್ರ ಎರಡು ವರ್ಷ ಓಡಿದ್ದಕ್ಕಿಂತ, ಓದಿದ ಯುವಕರು ಪಟ್ಟಣ ಬಿಟ್ಟು ಬೇಸಾಯಕ್ಕೆ ಇಳಿದದ್ದು ದೊಡ್ಡ ಸಂಗತಿ.

ಕೋಪವೇ ಗುಣವೆಂದು ಹಾಡಿ ಹೊಗಳುವುದು ನನಗೆ ಹಿಡಿಸದು. ಕಲ್ಲೆಸೆಯಲು ಒಂದು ರಾತ್ರಿ ಸಾಕು. ರಾಜೀವ ಒಡೆದ ಬಂಡೆಗೆ ವರ್ಷಗಳು ಬೇಕು. ಹೆಂಡತಿ ಲಕ್ಷ್ಮಿಯನ್ನು ಕಳೆದುಕೊಂಡ ಮೇಲೂ ಅವನು ಅಕ್ಕನ ಸಂಸಾರದ ಹೊರೆ ಇಳಿಸಲಿಲ್ಲ.

ನಮ್ಮ ಚಿಕ್ಕಪ್ಪ ಆ ಚಿತ್ರ ನೋಡಿ ಗುಮಾಸ್ತಿಕೆ ಬಿಟ್ಟವರು. ಮೂರು ಎಕರೆ ಮರಡಿಯಲ್ಲಿ ಬಾವಿ ತೋಡಿಸಲು ಶುರುಮಾಡಿದರು. ಇಪ್ಪತ್ತು ಅಡಿಗೆ ಬಂಡೆ ಸಿಕ್ಕಿತು. ಕುಳಿ ಕೊರೆದು ಮದ್ದು ತುಂಬಿ ಸಿಡಿಸುವಾಗ ನಮ್ಮನ್ನೆಲ್ಲ ಹುಣಸೆಮರದ ಹಿಂದೆ ಕೂರಿಸುತ್ತಿದ್ದರು. ‘ಆಗದು ಎಂದು’ ಹಾಡನ್ನು ಅವರು ಗುನುಗುತ್ತಿದ್ದದ್ದು ನೆನಪಿದೆ, ಶ್ರುತಿ ಇರಲಿಲ್ಲ, ಛಲವಿತ್ತು. ಎರಡನೇ ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ಬಂತು. ಅಂದು ಅವರು ಬಾವಿಯೊಳಗೇ ನಿಂತು ಒಂದು ಚೆಂಬು ನೀರು ಮೇಲೆ ಕಳಿಸಿದರು. ಕೆಂಪಗೆ, ಮಣ್ಣು ಮಣ್ಣಾಗಿತ್ತು. ಅಜ್ಜಿ ಅದನ್ನೇ ತೀರ್ಥದಂತೆ ಎಲ್ಲರ ಅಂಗೈಗೂ ಹಾಕಿದರು.

ಮುಂದೆ ಪಾಲಿನ ಮಾತು ಬಂದಾಗ ಬಾವಿಯ ಮೇಲೆ ಎಲ್ಲರ ಕಣ್ಣು ಬಿತ್ತು. ರಾಜೀವನಾಗಿದ್ದರೆ ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದ. ಆ ಕೊನೆಯ ದೃಶ್ಯಕ್ಕೆ ಚಿಕ್ಕಪ್ಪ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ತಮ್ಮ ಸರದಿ ಬಂದಾಗ ಅವರು ಎದ್ದು ಹೋಗಲಿಲ್ಲ. ಪಂಚಾಯಿತಿಯವರ ಎದುರು ಕೂತು ಪಟ್ಟು ಹಿಡಿದು ತಮ್ಮ ಪಾಲು ಬರೆಸಿಕೊಂಡರು. ಅವರು ಮಾಡಿದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ. ಇಂದಿಗೂ ಆ ಬಾವಿಯ ನೀರು ವಾರಕ್ಕೆ ನಾಲ್ಕು ದಿನ ಚಿಕ್ಕಪ್ಪನ ತೋಟಕ್ಕೆ, ಮೂರು ದಿನ ದೊಡ್ಡಪ್ಪನ ಮಕ್ಕಳ ಗದ್ದೆಗೆ ಹರಿಯುತ್ತದೆ.